ವಿಶೇಷ ಶಿಕ್ಷಕರ ಸಂಬಳ: ಒಂದೇ ಬಿ.ಎಡ್‌ಗೆ 16 ಸಾವಿರವೂ ಉಂಟು, 80 ಸಾವಿರವೂ ಉಂಟು. ವ್ಯತ್ಯಾಸ ಎಲ್ಲಿಂದ?

ತುಂಗಾತೀರ ಕೇಳಿದ್ದು:

ಬಿ.ಎಡ್. ವಿಶೇಷ ಶಿಕ್ಷಣ, ವಿಭಾಗ ಬೌದ್ಧಿಕ ಅಸಾಮರ್ಥ್ಯ. ಈಗ ಕೊನೆಯ ಸೆಮಿಸ್ಟರ್. ಮೂರು ಕಡೆಯಿಂದ ಕರೆ ಬಂದಿದೆ.

ಶಿವಮೊಗ್ಗದಲ್ಲೇ ಒಂದು ಸ್ವಯಂಸೇವಾ ಸಂಸ್ಥೆಯ ವಿಶೇಷ ಶಾಲೆ: ತಿಂಗಳಿಗೆ 16,000. ಬೆಂಗಳೂರಿನ ಒಂದು ಸಿಬಿಎಸ್‌ಇ ಶಾಲೆ: 32,000, ಆದರೆ ಪತ್ರದಲ್ಲಿ ‘ಸಿಟಿಸಿ’ ಅಂತಿದೆ. ಬೆಂಗಳೂರಿನದೇ ಒಂದು ಥೆರಪಿ ಕೇಂದ್ರ: ಸೆಷನ್ ಒಂದಕ್ಕೆ 250, ‘ದಿನಕ್ಕೆ ಆರು ಸೆಷನ್ ಆರಾಮಾಗಿ ಸಿಗುತ್ತೆ’ ಎನ್ನುತ್ತಾರೆ.

ಇತ್ತ ಕೇಂದ್ರೀಯ ವಿದ್ಯಾಲಯದ ವಿಶೇಷ ಶಿಕ್ಷಕರಿಗೆ 80–90 ಸಾವಿರ ಬರುತ್ತದೆ ಅಂತಲೂ ಕೇಳುತ್ತೇನೆ. ಓದಿದ್ದು ಒಂದೇ, ಕೆಲಸವೂ ಹೆಚ್ಚುಕಡಿಮೆ ಒಂದೇ. ಇಷ್ಟು ಅಂತರ ಯಾಕೆ? ಮೂರರಲ್ಲಿ ಕೈಗೆ ನಿಜವಾಗಿ ಬರುವುದೆಷ್ಟು? ನಮ್ಮ ರಾಜ್ಯ ಸರ್ಕಾರದಲ್ಲಿ ನೇರ ನೇಮಕಾತಿ ಇದೆಯೇ? ಬೌದ್ಧಿಕ ಅಸಾಮರ್ಥ್ಯದ ಬದಲು ಕಲಿಕಾ ನ್ಯೂನತೆ ಅಥವಾ ಶ್ರವಣದೋಷ ತೆಗೆದುಕೊಂಡಿದ್ದರೆ ಸಂಬಳ ಬೇರೆ ಆಗುತ್ತಿತ್ತೇ?

---

ವೇತನಪಟ್ಟಿ ಉತ್ತರ:

ಪದವಿಯ ಹೆಸರು, ಅಂಕ, ಕಾಲೇಜು ಇವೆಲ್ಲ ಆಮೇಲೆ. ಸಂಬಳ ಯಾರ ಖಜಾನೆಯಿಂದ, ಯಾವ ಬಾಬ್ತಿನಲ್ಲಿ ಬರುತ್ತದೆ ಅನ್ನುವುದೇ ಮುಕ್ಕಾಲು ಪಾಲು ನಿರ್ಧರಿಸುತ್ತದೆ. ಸಂದರ್ಶನದಲ್ಲಿ ಕೇಳಬೇಕಾದ ಮೊದಲ ಪ್ರಶ್ನೆಯೂ ಇದೇ: ‘ಈ ಹುದ್ದೆ ಮಂಜೂರಾದದ್ದೋ, ಅನುದಾನದ್ದೋ, ಆಡಳಿತ ಮಂಡಳಿ ತನ್ನ ಕೈಯಿಂದ ಕೊಡುವುದೋ?’

ಮೇಲಿನಿಂದ ಶುರು ಮಾಡೋಣ. ಕೇಂದ್ರೀಯ ವಿದ್ಯಾಲಯದ ಕಾಯಂ ಟಿಜಿಟಿ (ತರಬೇತಿ ಪಡೆದ ಪದವೀಧರ ಶಿಕ್ಷಕ) ದರ್ಜೆಯ ವಿಶೇಷ ಶಿಕ್ಷಕರು 7ನೇ ಹಂತದ ವೇತನದಲ್ಲಿ ಬರುತ್ತಾರೆ, ಮೂಲವೇತನ 44,900ರಿಂದ ಶುರು. 2025ರ ಜುಲೈ ದರದ ತುಟ್ಟಿಭತ್ಯೆ ಶೇ 58, ಅಂದರೆ 26,042. ಬೆಂಗಳೂರು ‘ಎಕ್ಸ್’ ದರ್ಜೆಯ ನಗರ, ಮನೆಬಾಡಿಗೆ ಶೇ 30: 13,470. ಸಾರಿಗೆ ಭತ್ಯೆ 3,600 ಮತ್ತು ಅದರ ಮೇಲೂ ತುಟ್ಟಿಭತ್ಯೆ: 5,688. ಒಟ್ಟು 90,100. ಇದರಲ್ಲಿ ಎನ್‌ಪಿಎಸ್ ಎಂಬ ಪಿಂಚಣಿ ನಿಧಿಗೆ ಶೇ 10 (ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿಸಿ) 7,094 ಕಡಿತ, ವೃತ್ತಿ ತೆರಿಗೆ 200. ಕೈಗೆ ಸುಮಾರು 82,800. ವರ್ಷದ ಮೊತ್ತ 12 ಲಕ್ಷದೊಳಗೇ ಇರುವುದರಿಂದ 2025–26ರ ಹೊಸ ಪದ್ಧತಿಯಲ್ಲಿ ಆದಾಯ ತೆರಿಗೆ ಬೀಳುವುದಿಲ್ಲ. ಎನ್‌ಪಿಎಸ್‌ಗೆ ಸರ್ಕಾರ ತನ್ನ ಪಾಲು ಶೇ 14 ಹಾಕುತ್ತದೆ, ಅದು ಈ ಲೆಕ್ಕದ ಹೊರಗೆ.

ಅದೇ ಹುದ್ದೆ ಮೈಸೂರಿನಲ್ಲಾದರೆ ಮನೆಬಾಡಿಗೆ ಶೇ 20, ಸಾರಿಗೆ 1,800ರ ದರ. ಒಟ್ಟು 82,766. ಊರು ಬದಲಾದದ್ದಕ್ಕೇ ಏಳು ಸಾವಿರ ಚಿಲ್ಲರೆ ವ್ಯತ್ಯಾಸ. ಪ್ರಾಥಮಿಕ ವಿಭಾಗದ ಪಿಆರ್‌ಟಿ ಹುದ್ದೆ 6ನೇ ಹಂತ, 35,400ರಿಂದ ಶುರು. ಬೆಂಗಳೂರಿನಲ್ಲಿ ಒಟ್ಟು 72,240. ಶಿಕ್ಷಕರೇ ಅಂಗವಿಕಲರಾಗಿದ್ದರೆ ಸಾರಿಗೆ ಭತ್ಯೆ ದುಪ್ಪಟ್ಟು. ಈ ವೃತ್ತಿಯಲ್ಲಿ ಅಂಥವರೂ ಇದ್ದಾರೆ, ಕೆಲವರು ಇದನ್ನು ಕೇಳಿ ಪಡೆಯುವುದೇ ಇಲ್ಲ.

ಈಗ ಅದೇ ವಿದ್ಯಾಲಯದ ಗುತ್ತಿಗೆ ಹುದ್ದೆ ನೋಡಿ. ಫೆಬ್ರವರಿ–ಮಾರ್ಚ್‌ನಲ್ಲಿ ಪ್ರತಿ ಶಾಲೆಯೂ ನೇರ ಸಂದರ್ಶನದ ಪ್ರಕಟಣೆ ಹಾಕುತ್ತದಲ್ಲ, ಅದು. ಹಲವು ವರ್ಷಗಳ ಪ್ರಕಟಣೆಗಳಲ್ಲಿ ಕಂಡ ಮೊತ್ತ ಪ್ರಾಥಮಿಕಕ್ಕೆ 21,250, ಟಿಜಿಟಿಗೆ 26,250. ತುಟ್ಟಿಭತ್ಯೆ ಇಲ್ಲ, ಬಡ್ತಿ ಇಲ್ಲ, ಶೈಕ್ಷಣಿಕ ವರ್ಷ ಮುಗಿದರೆ ಒಪ್ಪಂದವೂ ಮುಗಿಯಿತು. ಅದೇ ಕೊಠಡಿ, ಅದೇ ಮಕ್ಕಳು, ಮೂರನೇ ಒಂದು ಪಾಲಿಗೂ ಕಡಿಮೆ ಸಂಬಳ. ‘ಕೇಂದ್ರೀಯ ವಿದ್ಯಾಲಯದಲ್ಲಿ 80 ಸಾವಿರ’ ಅನ್ನುವವರೂ ‘ಅಲ್ಲಿ 21 ಸಾವಿರವಷ್ಟೇ’ ಅನ್ನುವವರೂ ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ನಿಮ್ಮ ಶಿವಮೊಗ್ಗದ ಶಾಲೆಯ ವಿಷಯಕ್ಕೆ ಬಂದರೆ, ಕರ್ನಾಟಕದಲ್ಲಿ ಸ್ವಯಂಸೇವಾ ಸಂಸ್ಥೆಗಳ ವಿಶೇಷ ಶಾಲೆಗಳಿಗೆ ಹಣ ಬರುವ ದಾರಿ ಮುಖ್ಯವಾಗಿ ಮೂರು.

ಒಂದು, 1982ರ ನಿಯಮದ ರಾಜ್ಯ ಅನುದಾನ. ಇದರಡಿ ಮಂಜೂರಾದ ಹುದ್ದೆಗೆ ರಾಜ್ಯದ ವೇತನ ಶ್ರೇಣಿಯೇ ಅನ್ವಯ. ಹಳೆಯ ಶ್ರವಣದೋಷ, ಅಂಧ ಮಕ್ಕಳ ಶಾಲೆಗಳು ಹೆಚ್ಚಾಗಿ ಈ ಗುಂಪಿನವು. ತೊಡಕು ಏನೆಂದರೆ, ಒಬ್ಬರು ನಿವೃತ್ತರಾದರೆ ಆ ಜಾಗ ತುಂಬಲು ಇಲಾಖೆಯ ಅನುಮತಿ ಬೇಕು. ಅದು ಬರುವ ತನಕ ಆಡಳಿತ ಮಂಡಳಿ ಯಾರನ್ನೋ ಗೌರವಧನಕ್ಕೆ ಇಟ್ಟುಕೊಂಡಿರುತ್ತದೆ. ‘ಅನುದಾನಿತ ಶಾಲೆ’ ಎಂಬ ಫಲಕ ನೋಡಿ ಹೋದವರಿಗೆ ಈ ಗೌರವಧನದ ಜಾಗವೇ ಸಿಗುವುದು ಹೆಚ್ಚು.

ಎರಡು, ಶಿಶುಕೇಂದ್ರಿತ ಅನುದಾನ. ಇಲ್ಲಿ ದುಡ್ಡು ಹುದ್ದೆಗೆ ಅಲ್ಲ, ಮಗುವಿನ ತಲೆಗೆ. ದಾಖಲಾದ ಮಕ್ಕಳ ಸಂಖ್ಯೆ, ಅಂಗವಿಕಲತೆಯ ಬಗೆ, ವಸತಿ ಸಹಿತವೋ ರಹಿತವೋ ಎಂಬುದರ ಮೇಲೆ ಶಾಲೆಗೆ ಇಷ್ಟು ಅಂತ ಬರುತ್ತದೆ. ಅದರೊಳಗೆ ಶಿಕ್ಷಕರ ಗೌರವಧನ, ಸಹಾಯಕರು, ಬಾಡಿಗೆ, ಊಟ ಎಲ್ಲ ನಡೆಯಬೇಕು. ಐದಾರು ಮಕ್ಕಳು ಬಿಟ್ಟುಹೋದರೆ, ಅಥವಾ ಅವರ ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಕಾರ್ಡ್ ಸಮಯಕ್ಕೆ ಸಿಗದೆ ಪಟ್ಟಿಯಲ್ಲಿ ಹೆಸರು ಬಿದ್ದುಹೋದರೆ, ಅದರ ಪೆಟ್ಟು ಮೊದಲು ಬೀಳುವುದು ಸಂಬಳದ ಮೇಲೆ. ಜೊತೆಗೆ ಅನುದಾನ ಕಂತಿನಲ್ಲಿ ಬರುತ್ತದೆ. ಆರ್ಥಿಕ ವರ್ಷದ ಮೊದಲ ತಿಂಗಳುಗಳಲ್ಲಿ ಸಂಬಳ ತಡವಾಗುವುದು ಈ ಶಾಲೆಗಳಲ್ಲಿ ಮಾಮೂಲು.

ಮೂರು, ಕೇಂದ್ರದ ದೀನದಯಾಳ್ ದಿವ್ಯಾಂಗಜನ ಪುನರ್ವಸತಿ ಯೋಜನೆ. ಇದೂ ಗೌರವಧನವೇ, ಇದೂ ತಡವಾಗಿಯೇ. ಕಡತ ಜಿಲ್ಲೆ, ರಾಜ್ಯ ದಾಟಿ ದೆಹಲಿಗೆ ಹೋಗಿ ಬರಬೇಕು.

ಹಾಗಾಗಿ ಆ 16,000 ಯಾವ ಬಾಬ್ತಿನದು ಎಂದು ಕೇಳಿ. ಶಿಶುಕೇಂದ್ರಿತ ಎಂದರೆ ಮುಂದಿನ ಪ್ರಶ್ನೆ: ‘ಕಂತು ತಡವಾದ ತಿಂಗಳು ಸಂಸ್ಥೆ ತನ್ನ ನಿಧಿಯಿಂದ ಕೊಡುತ್ತದೆಯೇ?’ ಒಳ್ಳೆಯ ಸಂಸ್ಥೆಗಳು ಮೂರು ತಿಂಗಳ ಸಂಬಳದಷ್ಟು ತೆಗೆದಿಟ್ಟಿರುತ್ತವೆ. ಅಂಥದ್ದಾದರೆ ನೇರವಾಗಿ ಹೌದು ಅನ್ನುತ್ತಾರೆ.

---

ಬಿಆರ್‌ಸಿ_ಕೊಠಡಿ ಉತ್ತರ:

ರಾಜ್ಯ ಸರ್ಕಾರದ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಇದರಲ್ಲಿ ಗೊಂದಲ ಜಾಸ್ತಿ.

ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಬಿಐಇಆರ್‌ಟಿ ಅಂತ ಇರುತ್ತಾರಲ್ಲ, ಗೃಹಾಧಾರಿತ ಶಿಕ್ಷಣದ ಮಕ್ಕಳ ಮನೆಗೆ ಹೋಗುವುದು, ವೈದ್ಯಕೀಯ ಮೌಲ್ಯಾಂಕನ ಶಿಬಿರ, ಸಾಧನ ಸಲಕರಣೆ ಹಂಚಿಕೆ ಎಲ್ಲ ನೋಡಿಕೊಳ್ಳುವವರು. ಅವರು ಬಹುಪಾಲು ಈಗಾಗಲೇ ಸರ್ಕಾರಿ ಶಾಲೆಯ ಕಾಯಂ ಶಿಕ್ಷಕರು. ವಿಶೇಷ ಶಿಕ್ಷಣದ ತರಬೇತಿಯೂ ಇರುವುದರಿಂದ ಆ ಜಾಗಕ್ಕೆ ನಿಯುಕ್ತರಾದವರು. ಅವರಿಗೆ ಸಿಗುವುದು ಮೂಲ ವೃಂದದ ವೇತನ. ಹೊರಗಿನಿಂದ ಬಿ.ಎಡ್. ವಿಶೇಷ ಶಿಕ್ಷಣ ಮಾಡಿ ಬಂದವರು ಅರ್ಜಿ ಹಾಕಿ ನೇರವಾಗಿ ಬಿಐಇಆರ್‌ಟಿ ಆಗುವುದು ಅನ್ನುವ ದಾರಿ ಇಲ್ಲ ಎಂದೇ ಇಟ್ಟುಕೊಳ್ಳಿ.

ಆ ಮೂಲ ವೃಂದದ ವೇತನ ಎಷ್ಟು ಎಂದರೆ: 7ನೇ ರಾಜ್ಯ ವೇತನ ಆಯೋಗದ ಶ್ರೇಣಿ 2024ರ ಆಗಸ್ಟ್ 1ರಿಂದ ಜಾರಿಯಲ್ಲಿದೆ. ಪ್ರಾಥಮಿಕ ಶಾಲಾ ಸಹಶಿಕ್ಷಕರದು 41,300–81,800. ಪ್ರೌಢಶಾಲಾ ಸಹಶಿಕ್ಷಕರದು 54,175–99,400. 2025ರ ಜುಲೈ ದರದ ತುಟ್ಟಿಭತ್ಯೆ ಶೇ 14.25. ಕೇಂದ್ರದ ಶೇ 58ರ ಪಕ್ಕದಲ್ಲಿ ಇದು ತೀರಾ ಸಣ್ಣದಾಗಿ ಕಾಣುತ್ತದೆ, ಆದರೆ ರಾಜ್ಯದಲ್ಲಿ ಹಳೆಯ ತುಟ್ಟಿಭತ್ಯೆ ಮೂಲವೇತನದೊಳಕ್ಕೆ ವಿಲೀನವಾಗಿಬಿಟ್ಟಿದೆ. ಶೇಕಡಾವಾರು ಹೋಲಿಸಬೇಡಿ, ಒಟ್ಟು ಮೊತ್ತ ಹೋಲಿಸಿ. ಸಣ್ಣ ಊರಿನ ಪ್ರೌಢಶಾಲೆಯಲ್ಲಿ ಹೊಸಬರಿಗೆ 54,175ರ ಮೇಲೆ ತುಟ್ಟಿಭತ್ಯೆ 7,720, ಶೇ 7.5ರ ಮನೆಬಾಡಿಗೆ 4,063, ಒಟ್ಟು ಸುಮಾರು 65,960. ಬೆಂಗಳೂರಿನಲ್ಲಿ ಮನೆಬಾಡಿಗೆ ಶೇ 20, ಹಾಗಾಗಿ 72,730. ಪ್ರಾಥಮಿಕಕ್ಕೆ ಸಣ್ಣ ಊರಿನಲ್ಲಿ 50,283. ಎನ್‌ಪಿಎಸ್, ಕೆಜಿಐಡಿ (ರಾಜ್ಯ ನೌಕರರ ವಿಮೆ), ವೃತ್ತಿ ತೆರಿಗೆ ಇದರಿಂದ ಕಳೆಯಬೇಕು.

ಇನ್ನು ನೇರ ನೇಮಕಾತಿ. ಇಲ್ಲಿ ನಿಮ್ಮ ಬ್ಯಾಚಿನವರು ಕಣ್ಣಿಡಬೇಕಾದದ್ದು ಸುಪ್ರೀಂ ಕೋರ್ಟಿನ ರಜನೀಶ್ ಕುಮಾರ್ ಪಾಂಡೆ ಪ್ರಕರಣ. 2021ರ ಅಕ್ಟೋಬರ್ 28ರ ತೀರ್ಪಿನಲ್ಲಿ ಸಾಮಾನ್ಯ ಶಾಲೆಗಳಲ್ಲಿ ವಿಶೇಷ ಶಿಕ್ಷಕರ ಕಾಯಂ ಹುದ್ದೆ ಸೃಷ್ಟಿಸಲು ಸೂಚಿಸಲಾಯಿತು. ಅದರ ಬೆನ್ನಿಗೆ 2022ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಅನುಪಾತ ಪ್ರಕಟಿಸಿತು: ಪ್ರಾಥಮಿಕದಲ್ಲಿ 10 ಅಂಗವಿಕಲ ಮಕ್ಕಳಿಗೆ ಒಬ್ಬರು, ಹಿರಿಯ ಪ್ರಾಥಮಿಕದಲ್ಲಿ 15ಕ್ಕೆ ಒಬ್ಬರು. ರಾಜ್ಯಗಳು ಎಳೆದಾಡಿದವು. 2025ರ ಮಾರ್ಚ್ 7ರಂದು ಕೋರ್ಟು ಮತ್ತೆ ಆದೇಶಿಸಿತು: ಹುದ್ದೆಗಳ ಸಂಖ್ಯೆ ಅಧಿಸೂಚಿಸಿ, ಜಾಹೀರಾತು ಕೊಡಿ, ವರ್ಷಗಟ್ಟಲೆ ಗುತ್ತಿಗೆ ಅಥವಾ ದಿನಗೂಲಿಯಲ್ಲಿ ದುಡಿದವರಿಗೆ ಪರಿಶೀಲನಾ ಸಮಿತಿ ಮಾಡಿ, ಅರ್ಹರಿದ್ದರೆ ಆ ಹುದ್ದೆಯ ವೇತನ ಶ್ರೇಣಿಗೆ ತೆಗೆದುಕೊಳ್ಳಿ.

ಆದ್ದರಿಂದ ಇವತ್ತಿನ ಗುತ್ತಿಗೆ ಕೆಲಸದ ಕಾಗದಕ್ಕೆ ನಾಳೆ ಬೆಲೆ ಬರಬಹುದು. ನೇಮಕಾತಿ ಆದೇಶ, ಹಾಜರಾತಿಯ ನಕಲು, ಬ್ಯಾಂಕಿಗೆ ಸಂಬಳ ಜಮೆಯಾದ ವಿವರ, ಆ ಅವಧಿಯಲ್ಲಿ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್) ನೋಂದಣಿ ಜೀವಂತವಾಗಿತ್ತು ಎಂಬ ದಾಖಲೆ, ನಾಲ್ಕನ್ನೂ ಒಂದೇ ಕಡೆ ಇಟ್ಟುಕೊಳ್ಳಿ. ನಗದಿನಲ್ಲಿ ಸಂಬಳ ಪಡೆದವರಿಗೆ ಇಂಥ ಪರಿಶೀಲನೆಯಲ್ಲಿ ಹೇಳಿಕೊಳ್ಳಲು ಏನೂ ಉಳಿಯುವುದಿಲ್ಲ.

---

ಸಂಬಳಚೀಟಿ ಉತ್ತರ:

ಬೆಂಗಳೂರಿನ ಎರಡು ಕರೆಗಳನ್ನು ಬಿಡಿಸಿ ನೋಡೋಣ.

32,000 ಸಿಟಿಸಿ ಎಂದರೆ ಶಾಲೆಗೆ ನಿಮ್ಮಿಂದ ಆಗುವ ಒಟ್ಟು ಖರ್ಚು. ನಿಮ್ಮ ಕೈಗೆ ಬರುವುದಲ್ಲ. ಮೂಲವೇತನ 16,000 ಎಂದಿಟ್ಟುಕೊಳ್ಳಿ. ಪಿಎಫ್ ಲೆಕ್ಕದ ಮಿತಿ 15,000. ಅದರ ಮೇಲೆ ಶಾಲೆಯ ಪಾಲು ಶೇ 12, ಆಡಳಿತ ಶುಲ್ಕ ಮತ್ತು ವಿಮೆ ಸೇರಿ ಶೇ 13, ಅಂದರೆ 1,950. ಗ್ರಾಚ್ಯುಟಿಗೆಂದು ಮೂಲವೇತನದ ಶೇ 4.81, ಸುಮಾರು 770. ಇವೆರಡನ್ನೂ ಕಳೆದರೆ ನಿಮ್ಮ ಚೀಟಿಯಲ್ಲಿ ಕಾಣುವ ಒಟ್ಟು 29,280. ಅದರಲ್ಲಿ ನಿಮ್ಮ ಪಿಎಫ್ ಪಾಲು 1,800, ವೃತ್ತಿ ತೆರಿಗೆ 200. ಕೈಗೆ 27,280.

ಇದು ಪ್ರಾಮಾಣಿಕ ಶಾಲೆಯ ಲೆಕ್ಕ. ಕೆಲವು ಕಡೆ ಸಿಟಿಸಿಯೊಳಗೆ ಊಟ, ಬಸ್ಸು, ‘ತರಬೇತಿ ವೆಚ್ಚ’ ಎಲ್ಲ ತುರುಕಿರುತ್ತಾರೆ. ಬಿಡಿ ಬಿಡಿಯಾದ ಪಟ್ಟಿ ಬರಹದಲ್ಲಿ ಕೇಳಿ. ಕೊಡದಿದ್ದರೆ ಅದೇ ಉತ್ತರ.

ಮುಂದಿನದು ವರ್ಷಕ್ಕೆ ಎಷ್ಟು ತಿಂಗಳ ಸಂಬಳ ಎಂಬುದು. ಏಪ್ರಿಲ್–ಮೇ ರಜೆಗೆ ಸಂಬಳ ಕೊಡದೆ, ಜೂನ್‌ನಲ್ಲಿ ಹೊಸ ಆದೇಶ ಕೊಡುವ ಪದ್ಧತಿ ಖಾಸಗಿಯಲ್ಲಿ ಇದೆ. ಕಳೆದುಹೋಗುವುದು ಎರಡು ತಿಂಗಳ ಸಂಬಳ ಮಾತ್ರವಲ್ಲ. ಸೇವೆ ತುಂಡಾಯಿತು ಎಂದು ತೋರಿಸಿ ಗ್ರಾಚ್ಯುಟಿಗೂ ಅಡ್ಡಗಾಲು ಹಾಕುತ್ತಾರೆ. ಖಾಸಗಿ ಶಾಲಾ ಶಿಕ್ಷಕರಿಗೂ ಗ್ರಾಚ್ಯುಟಿ ಸಲ್ಲುತ್ತದೆ. 2009ರ ತಿದ್ದುಪಡಿ 1997ರ ಏಪ್ರಿಲ್ 3ರಿಂದ ಪೂರ್ವಾನ್ವಯವಾಗಿ ಕೊಟ್ಟಿದ್ದನ್ನು ಸುಪ್ರೀಂ ಕೋರ್ಟು 2022ರ ಆಗಸ್ಟ್‌ನಲ್ಲಿ ಎತ್ತಿಹಿಡಿಯಿತು. ಕೊನೆಯ ಮೂಲವೇತನ ಮತ್ತು ತುಟ್ಟಿಭತ್ಯೆಯನ್ನು 15ರಿಂದ ಗುಣಿಸಿ, 26ರಿಂದ ಭಾಗಿಸಿ, ಸೇವೆಯ ವರ್ಷಗಳಿಂದ ಗುಣಿಸಬೇಕು. 25,000 ಮೂಲವೇತನ, ಆರು ವರ್ಷ ಸೇವೆ ಎಂದರೆ 86,538. ಬಿಟ್ಟುಕೊಡುವ ಮೊತ್ತ ಅಲ್ಲ ಅದು. ಸಾಮಾನ್ಯವಾಗಿ ಐದು ವರ್ಷ ತುಂಬಬೇಕು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ನಿಗದಿತ ಅವಧಿಯ ನೌಕರರಿಗೆ ಒಂದು ವರ್ಷಕ್ಕೇ ಲಭ್ಯ. ಹಾಗಾಗಿ ಆದೇಶದಲ್ಲಿ ನಿಮ್ಮನ್ನು ಏನೆಂದು ಕರೆದಿದ್ದಾರೆ ನೋಡಿ: ಕಾಯಂ, ನಿಗದಿತ ಅವಧಿ, ಅಥವಾ ‘ಸಲಹೆಗಾರ’.

ಈ ‘ಸಲಹೆಗಾರ’ ಎಂಬುದೇ ಥೆರಪಿ ಕೇಂದ್ರದ ಕಥೆ. ಶೇ 10 ಟಿಡಿಎಸ್ ಕಡಿದು ವೃತ್ತಿಪರ ಶುಲ್ಕವೆಂದು ಕೊಡುತ್ತಾರೆ ಎಂದರೆ, ಅವರ ಲೆಕ್ಕದಲ್ಲಿ ನೀವು ನೌಕರರಲ್ಲ. ಪಿಎಫ್ ಇಲ್ಲ, ಇಎಸ್‌ಐ ಇಲ್ಲ, ರಜೆ ಇಲ್ಲ. ಕಡಿದ ತೆರಿಗೆ ರಿಟರ್ನ್ ಹಾಕಿದರೆ ವಾಪಸು ಬರುತ್ತದೆ, ಅದಕ್ಕೆ ಹೆದರಬೇಡಿ. ಹೆದರಬೇಕಾದ್ದು ಸೆಷನ್ ಲೆಕ್ಕಕ್ಕೆ. ದಿನಕ್ಕೆ 6, ತಿಂಗಳಿಗೆ 24 ದಿನ, 144 ಸೆಷನ್, 36,000. ಕಾಗದದ ಮೇಲೆ ಶಾಲೆಗಿಂತ ಹೆಚ್ಚು. ಆದರೆ ಮಗುವಿಗೆ ಜ್ವರ, ಅಜ್ಜಿ ಮನೆಗೆ ಹೋದರು, ಟ್ರಾಫಿಕ್, ಪರೀಕ್ಷೆ ಎಂದು ನಾಲ್ಕರಲ್ಲಿ ಒಂದು ತಪ್ಪಿದರೆ 108 ಸೆಷನ್, 27,000. ಶಾಲೆಗೆ ಹೋಗುವ ಮಕ್ಕಳಿಗೆ ಸಂಜೆ 4ರಿಂದ 7ರ ಹೊತ್ತೇ ಬೇಕು. ದಿನಕ್ಕೆ ಆರು ತುಂಬಿಸುವುದು ಅಲ್ಲೇ ಕಷ್ಟವಾಗುತ್ತದೆ. ವೈಯಕ್ತಿಕ ಶಿಕ್ಷಣ ಯೋಜನೆ ಬರೆಯುವುದು, ಪೋಷಕರ ಭೇಟಿ, ಮೂರು ತಿಂಗಳ ವರದಿ, ಕಲಿಕಾ ಸಾಮಗ್ರಿ ತಯಾರಿ, ಇವಕ್ಕೆ ಬಿಡಿಗಾಸೂ ಇಲ್ಲ.

ಕೇಂದ್ರದವರನ್ನು ಎರಡು ವಿಷಯ ಕೇಳಿ. 24 ಗಂಟೆಯೊಳಗೆ ರದ್ದಾದ ಸೆಷನ್‌ಗೆ ಪೋಷಕರಿಂದ ಶುಲ್ಕ ವಸೂಲಿ ಮಾಡುತ್ತೀರಾ, ಮಾಡಿದರೆ ನನಗೆ ಪಾಲುಂಟೇ? ಕನಿಷ್ಠ ಇಷ್ಟು ಸೆಷನ್ ಎಂಬ ಖಾತರಿ ಉಂಟೇ? ತಿಂಗಳಿಗೆ 100 ಸೆಷನ್‌ಗೆ ಖಾತರಿ ಕೊಟ್ಟು, ಅದರ ಮೇಲಿನದಕ್ಕೆ 300 ಎಂದರೆ ಅದು ಮಾತಾಡಬಹುದಾದ ಒಪ್ಪಂದ. ‘ಬಿಟ್ಟ ಮೇಲೆ ಎರಡು ವರ್ಷ ಈ ಮಕ್ಕಳಿಗೆ ಕಲಿಸುವಂತಿಲ್ಲ’ ಎಂಬ ಷರತ್ತು ಹಾಕಿದ್ದಾರೋ ನೋಡಿ. ಮೂಲ ಅಂಕಪಟ್ಟಿ ಇಟ್ಟುಕೊಳ್ಳುತ್ತೇವೆ ಎಂದರೆ ಅಲ್ಲಿಗೇ ನಮಸ್ಕಾರ ಹೇಳಿ.

ಶಾಡೋ ಟೀಚರ್ ಕೆಲಸವೂ ಬರುತ್ತದೆ, ಒಂದೇ ಮಗುವಿನ ಜೊತೆ ತರಗತಿಯಲ್ಲಿ ಕೂರುವುದು. ದುಡ್ಡು ಕೊಡುವವರು ಪೋಷಕರು, ಹಾಗಾಗಿ ಮಗು ಶಾಲೆ ಬದಲಿಸಿದ ದಿನ ಕೆಲಸವೂ ಮುಗಿಯುತ್ತದೆ. ಬಿ.ಎಡ್. ಆದವರಿಗೆ ನಾನು ಇದನ್ನು ಹೇಳುವುದಿಲ್ಲ.

---

ನೋಂದಣಿಸಂಖ್ಯೆ ಉತ್ತರ:

ವಿಭಾಗದ ಪ್ರಶ್ನೆಗೆ. ಸರ್ಕಾರಿ ಶ್ರೇಣಿಯಲ್ಲಿ ವಿಭಾಗ ನೋಡಿ ಸಂಬಳ ಬದಲಾಗುವುದಿಲ್ಲ. ಖಾಸಗಿಯಲ್ಲಿ ಬದಲಾಗುತ್ತದೆ, ಕಾರಣ ಶೈಕ್ಷಣಿಕವಲ್ಲ, ವ್ಯಾಪಾರದ್ದು. ಕಲಿಕಾ ನ್ಯೂನತೆ ಮತ್ತು ಆಟಿಸಂ ಇರುವ ಮಕ್ಕಳು ಸಾಮಾನ್ಯ ಖಾಸಗಿ ಶಾಲೆಗಳಲ್ಲೇ ಇದ್ದಾರೆ, ಸಂಪನ್ಮೂಲ ಕೊಠಡಿಗೆಂದು (ಈ ಮಕ್ಕಳಿಗೆ ಪ್ರತ್ಯೇಕವಾಗಿ ಕಲಿಸುವ ಕೋಣೆ) ಪೋಷಕರು ಪ್ರತ್ಯೇಕ ಶುಲ್ಕ ಕಟ್ಟುತ್ತಾರೆ, ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಲಿಪಿಕಾರರ ಸೌಲಭ್ಯಕ್ಕೆ ಕಾಗದಪತ್ರ ಮಾಡುವವರು ಬೇಕು. ಹಾಗಾಗಿ ಬೆಂಗಳೂರಿನಲ್ಲಿ ಬೇಡಿಕೆ ಅಲ್ಲಿದೆ. ಶ್ರವಣದೋಷ, ದೃಷ್ಟಿದೋಷದವರಿಗೆ ಕೆಲಸ ಹೆಚ್ಚಾಗಿ ಸರ್ಕಾರಿ ಮತ್ತು ಅನುದಾನಿತ ವಿಶೇಷ ಶಾಲೆಗಳಲ್ಲಿ: ಜಾಗ ಕಡಿಮೆ, ಸಿಕ್ಕರೆ ಶ್ರೇಣಿ ಭದ್ರ. ಬೌದ್ಧಿಕ ಅಸಾಮರ್ಥ್ಯದವರು ನಡುವೆ. ವಿಶೇಷ ಶಾಲೆಗೂ ಸಲ್ಲುತ್ತಾರೆ, ಸಾಮಾನ್ಯ ಶಾಲೆಗೂ. ನಿಮ್ಮ ಆಯ್ಕೆ ತಪ್ಪಲ್ಲ. ಓದಿನ ತೊಂದರೆ ಇರುವ ಮಕ್ಕಳಿಗೆ ಅಕ್ಷರ–ಧ್ವನಿ ಕ್ರಮದಲ್ಲಿ ಕಲಿಸುವುದನ್ನು, ವರ್ತನೆ ದಾಖಲಿಸುವುದನ್ನು ಚೆನ್ನಾಗಿ ಕಲಿತರೆ ಆ ಕೊರತೆ ತುಂಬುತ್ತದೆ. ಕನ್ನಡ, ಇಂಗ್ಲಿಷ್ ಎರಡರಲ್ಲೂ ಓದು ಕಲಿಸಬಲ್ಲವರು ಬೆಂಗಳೂರಿನಲ್ಲೂ ಕಡಿಮೆ. ಸಂದರ್ಶನದಲ್ಲಿ ಅದನ್ನು ಎತ್ತಿ ಹೇಳಿ.

ಒಂದು ಎಚ್ಚರ. ಕಲಿಕಾ ನ್ಯೂನತೆಯ ಅಧಿಕೃತ ಮೌಲ್ಯಾಂಕನಕ್ಕೆ ನಿಮ್ಹಾನ್ಸ್ ಪರೀಕ್ಷಾಸರಣಿಯನ್ನು 2018ರ ಮಾರ್ಗಸೂಚಿ ಹೇಳಿತ್ತು. ಪ್ರಮಾಣಪತ್ರದ ಸಹಿ ನಿಮ್ಮದಲ್ಲ. ಕೆಲವು ಕೇಂದ್ರಗಳು ವಿಶೇಷ ಶಿಕ್ಷಕರಿಂದಲೇ ವರದಿ ಬರೆಸಿ ಮುದ್ರೆ ಹಾಕಿಸುತ್ತವೆ. ಎರಡು ಸಾವಿರ ಹೆಚ್ಚು ಕೊಡುತ್ತೇವೆ ಎಂದರೂ ಒಪ್ಪಬೇಡಿ.

ಈಗ ಸಂಬಳವನ್ನು ನಿಜವಾಗಿ ತಡೆಹಿಡಿಯುವ ವಿಷಯ: ಆರ್‌ಸಿಐ ನೋಂದಣಿ, ಅಂದರೆ ಸಿಆರ್‌ಆರ್ ಸಂಖ್ಯೆ. 1992ರ ಭಾರತೀಯ ಪುನರ್ವಸತಿ ಪರಿಷತ್ ಕಾಯ್ದೆಯ ಪ್ರಕಾರ ಅದಿಲ್ಲದೆ ಈ ವೃತ್ತಿ ನಡೆಸುವುದು ಅಪರಾಧ. ಒಂದು ವರ್ಷದವರೆಗೆ ಸಜೆ, ಅಥವಾ ಸಾವಿರ ರೂಪಾಯಿಯವರೆಗೆ ದಂಡ, ಅಥವಾ ಎರಡೂ. ದಂಡದ ಮೊತ್ತ ನೋಡಿ ನಗಬೇಡಿ. ಪೆಟ್ಟು ಬೀಳುವುದು ಬೇರೆ ಕಡೆ: ನೋಂದಣಿ ಇಲ್ಲದ ಅವಧಿಯನ್ನು ಅನುಭವವೆಂದು ಯಾರೂ ಎಣಿಸುವುದಿಲ್ಲ, ತಪಾಸಣೆಯಲ್ಲಿ ಅನುದಾನದ ಶಾಲೆ ನಿಮ್ಮನ್ನು ಶಿಕ್ಷಕರ ಪಟ್ಟಿಯಲ್ಲಿ ತೋರಿಸಲಾಗುವುದಿಲ್ಲ, ಆಗ ನಿಮ್ಮನ್ನು ಸಹಾಯಕರ ದರಕ್ಕೆ ಇಳಿಸುತ್ತಾರೆ.

ದಾಖಲೆ ಪರಿಶೀಲನೆಯಲ್ಲಿ ಜನ ಬೀಳುವುದು ಸಣ್ಣ ಸಣ್ಣ ಜಾಗಗಳಲ್ಲಿ. ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು, ಸಿಆರ್‌ಆರ್‌ನಲ್ಲಿ ಮದುವೆಯಾದ ಮೇಲಿನದು. ನೋಂದಣಿಯ ಐದು ವರ್ಷದ ಅವಧಿ ಮುಗಿದಿರುವುದು ಸಂದರ್ಶನದ ಹಿಂದಿನ ದಿನ ಗೊತ್ತಾಗುವುದು. ನವೀಕರಣಕ್ಕೆ ಬೇಕಾದ ಸಿಆರ್‌ಇ (ವೃತ್ತಿಯಲ್ಲಿದ್ದುಕೊಂಡೇ ಪಡೆಯುವ ಮುಂದುವರಿದ ತರಬೇತಿ) ಅಂಕಗಳನ್ನು ಕೊನೆಯ ಆರು ತಿಂಗಳಲ್ಲಿ ಗುಡ್ಡೆ ಹಾಕಲು ಹೋಗಿ ಕಾರ್ಯಾಗಾರ ಸಿಗದೆ ಒದ್ದಾಡುವುದು. ಪ್ರತಿ ವರ್ಷ ಒಂದೆರಡು ಕಾರ್ಯಾಗಾರ ಮುಗಿಸಿ; ಮೈಸೂರಿನ ವಾಕ್ ಮತ್ತು ಶ್ರವಣ ಸಂಸ್ಥೆ ಆಯಿಷ್‌ನಂಥ ಕಡೆಗಳ ಪ್ರಕಟಣೆ ನೋಡುತ್ತಿರಿ, ಸೇರುವ ಮೊದಲು ಆ ಕಾರ್ಯಾಗಾರಕ್ಕೆ ಆರ್‌ಸಿಐ ಮಾನ್ಯತೆ ಇದೆಯೇ ಖಚಿತಪಡಿಸಿಕೊಳ್ಳಿ.

ಅನುಭವ ಪತ್ರದಲ್ಲಿ ಹುದ್ದೆಯ ಹೆಸರು ‘ವಿಶೇಷ ಶಿಕ್ಷಕ’ ಎಂದೇ ಇರಲಿ. ‘ಫೆಸಿಲಿಟೇಟರ್’, ‘ಲರ್ನಿಂಗ್ ಕೋಚ್’ ಎಂಬ ಸೊಗಸಾದ ಹೆಸರುಗಳು ಸರ್ಕಾರಿ ಪರಿಶೀಲನೆಯಲ್ಲಿ ನಿಲ್ಲುವುದಿಲ್ಲ. ಸೇರಿದ ದಿನ, ಬಿಟ್ಟ ದಿನ, ಪೂರ್ಣಾವಧಿಯೋ ಅಲ್ಲವೋ, ಕಲಿಸಿದ ತರಗತಿ, ಸಿಆರ್‌ಆರ್ ಸಂಖ್ಯೆ, ಇಷ್ಟೂ ಒಂದೇ ಪುಟದಲ್ಲಿ ಬರಲಿ.

---

ತುಂಗಾತೀರ ಮತ್ತೆ ಕೇಳಿದ್ದು:

ಎಲ್ಲರಿಗೂ ಧನ್ಯವಾದ. ಎರಡು ಅನುಮಾನ ಉಳಿದಿವೆ. ಫಲಿತಾಂಶ ಬರುವ ಮೊದಲೇ ಕೇಂದ್ರೀಯ ವಿದ್ಯಾಲಯದ ಪ್ರಕಟಣೆ ಬಂದರೆ ಅರ್ಜಿ ಹಾಕಬಹುದೇ? ಪಿಆರ್‌ಟಿಗೂ ಹಾಕಬೇಕೇ, ಟಿಜಿಟಿಗೆ ಮಾತ್ರವೇ? ಮತ್ತೆ ಬೆಂಗಳೂರಿನ 27 ಸಾವಿರ, ಶಿವಮೊಗ್ಗದ 16 ಸಾವಿರ, ಕಣ್ಣಿಗೆ ಬೆಂಗಳೂರೇ ದೊಡ್ಡದು. ಅಲ್ಲಿಗೇ ಹೋಗಲೇ?

---

ನೋಂದಣಿಸಂಖ್ಯೆ ಉತ್ತರ:

ಅರ್ಹತೆಯನ್ನು ಎಣಿಸುವುದು ಪ್ರಕಟಣೆಯಲ್ಲಿ ಹೇಳಿದ ಕೊನೆಯ ದಿನಾಂಕಕ್ಕೆ. ಆ ದಿನಕ್ಕೆ ಫಲಿತಾಂಶ ಇಲ್ಲದಿದ್ದರೆ ಪರೀಕ್ಷೆ ಪಾಸಾದರೂ ಪರಿಶೀಲನೆಯಲ್ಲಿ ತೆಗೆದುಹಾಕುತ್ತಾರೆ. ಫಲಿತಾಂಶ ಬಂದ ವಾರವೇ ತಾತ್ಕಾಲಿಕ ಪ್ರಮಾಣಪತ್ರ ತೆಗೆದು ಸಿಆರ್‌ಆರ್‌ಗೆ ಅರ್ಜಿ ಹಾಕಿ, ಘಟಿಕೋತ್ಸವಕ್ಕೆ ಕಾಯಬೇಡಿ. ಸಿಟಿಇಟಿ (ಕೇಂದ್ರದ ಶಿಕ್ಷಕರ ಅರ್ಹತಾ ಪರೀಕ್ಷೆ) ಈಗಲೇ ಬರೆಯಬಹುದು. ಟಿಜಿಟಿಗೆ ಎರಡನೇ ಪತ್ರಿಕೆ, 150ಕ್ಕೆ 90 ಬೇಕು, ಮೀಸಲಾತಿ ವರ್ಗಗಳಿಗೆ ಸಡಿಲಿಕೆ ಉಂಟು. ಪ್ರಮಾಣಪತ್ರ ಜೀವಮಾನಪೂರ್ತಿ ಸಲ್ಲುತ್ತದೆ, ಹಾಗಾಗಿ ಬೇಗ ಬರೆದರೆ ನಷ್ಟವಿಲ್ಲ.

ನಿಮ್ಮ ಗುರಿ ಟಿಜಿಟಿಯೇ ಇರಲಿ. 1ರಿಂದ 5ರ ತರಗತಿಗೆ ಬಿ.ಎಡ್. ಸಾಲದು ಎಂದು 2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ಹೇಳಿದ ಮೇಲೆ ಪ್ರಾಥಮಿಕ ಹುದ್ದೆಗಳ ಅರ್ಹತೆಯ ಸಾಲುಗಳನ್ನು ಅಕ್ಷರ ಬಿಡದೆ ಓದಬೇಕು. ಡಿ.ಎಡ್. ವಿಶೇಷ ಶಿಕ್ಷಣ ಮಾಡಿದವರ ದಾರಿ ಅದು. ವಯೋಮಿತಿ ಸಾಮಾನ್ಯ ವರ್ಗಕ್ಕೆ ಪಿಆರ್‌ಟಿಗೆ 30, ಟಿಜಿಟಿಗೆ 35.

---

ಸಂಬಳಚೀಟಿ ಉತ್ತರ:

ಊರಿನ ಲೆಕ್ಕ. ಶಿವಮೊಗ್ಗದ 16,000ಕ್ಕೆ ಪಿಎಫ್ 1,800, ಇಎಸ್‌ಐ ಶೇ 0.75, ಅಂದರೆ 120. ಕೈಗೆ 14,080. ಸಂಬಳ 25,000ಕ್ಕಿಂತ ಕಡಿಮೆಯಾದ್ದರಿಂದ ವೃತ್ತಿ ತೆರಿಗೆ ಇಲ್ಲ. 21,000ದೊಳಗಿನವರಿಗೆ ಇಎಸ್‌ಐ ಸಿಗುವುದರಿಂದ ಆಸ್ಪತ್ರೆ ಖರ್ಚಿಗೆ ಆಸರೆ ಉಂಟು. ಬೆಂಗಳೂರಿನ ಸಂಬಳ ಆ ಮಿತಿ ದಾಟುತ್ತದೆ, ಅಲ್ಲಿ ಶಾಲೆ ಗುಂಪು ವಿಮೆ ಕೊಡುತ್ತದೋ ಕೇಳಬೇಕು. ಬೆಂಗಳೂರಿನ 27,280ರಲ್ಲಿ ಪಿಜಿಗೆ ಊಟ ಸೇರಿ 10,000, ಓಡಾಟಕ್ಕೆ 2,000, ಊರಿಗೆ ಹೋಗಿಬರಲು ಸಾವಿರ ತೆಗೆದರೆ ಉಳಿಯುವುದು 14,280. ನೀವು ಮನೆಯಿಂದಲೇ ಹೋಗಿಬರುವುದಾದರೆ ಎರಡೂ ಒಂದೇ. ಮನೆ ಶಿವಮೊಗ್ಗದಲ್ಲಿ ಇಲ್ಲದಿದ್ದರೆ ಮಾತ್ರ ಬೆಂಗಳೂರು ಮೇಲು.

---

ವೇತನಪಟ್ಟಿ ಉತ್ತರ:

ಮೇಲಿನ ಲೆಕ್ಕಕ್ಕೆ ನನ್ನ ಅರ್ಧ ತಕರಾರು. ಮೊದಲ ವರ್ಷ ಸಮ, ಸರಿ. ಮೂರನೇ ವರ್ಷಕ್ಕೆ ಸಮ ಅಲ್ಲ. ಅನುದಾನದ ಗೌರವಧನ ಸರ್ಕಾರ ಆದೇಶ ಹೊರಡಿಸಿದಾಗ ಮಾತ್ರ ಏರುತ್ತದೆ, ಅದಕ್ಕೆ ವರ್ಷಗಳೇ ಬೇಕಾಗಬಹುದು. ಖಾಸಗಿ ಶಾಲೆಯಲ್ಲಿ ಶಾಲೆ ಬದಲಿಸಿದಾಗ ಏರುತ್ತದೆ: ಎರಡು–ಮೂರು ವರ್ಷದ ಅನುಭವ, ಕೈಯಲ್ಲಿ ಹತ್ತು ಒಳ್ಳೆಯ ವೈಯಕ್ತಿಕ ಶಿಕ್ಷಣ ಯೋಜನೆಗಳ ಮಾದರಿ (ಮಕ್ಕಳ ಹೆಸರು ಅಳಿಸಿ) ಇದ್ದರೆ ಅಂತರರಾಷ್ಟ್ರೀಯ ಪಠ್ಯಕ್ರಮದ ಶಾಲೆಗಳು 40 ಸಾವಿರದ ಮೇಲೆ ಮಾತಾಡುತ್ತವೆ.

ಹಾಗೆಂದು 32,000ಕ್ಕೆ ಸುಮ್ಮನೆ ಸಹಿ ಹಾಕಬೇಡಿ. ಸಂಬಳ ಏರಿಸಿ ಎಂದರೆ ‘ಬಜೆಟ್ ಇಲ್ಲ’ ಎನ್ನುತ್ತಾರೆ. ಮಕ್ಕಳ ಸಂಖ್ಯೆಗೆ ಮಿತಿ ಕೇಳಿ, ಅದಕ್ಕೆ ಬಜೆಟ್ ಬೇಕಿಲ್ಲ. ಸಿಬಿಎಸ್‌ಇ ಮಾನ್ಯತಾ ನಿಯಮದಂತೆ ಶಾಲೆಗೆ ವಿಶೇಷ ಶಿಕ್ಷಕರು ಇರಲೇಬೇಕು, ಹಾಗಾಗಿ ಒಬ್ಬರನ್ನು ಇಟ್ಟು ಇಡೀ ಶಾಲೆಯ ನಲವತ್ತು ಮಕ್ಕಳನ್ನು ಅವರ ತಲೆಗೆ ಕಟ್ಟುವುದು ನಡೆದೇ ಇದೆ. ಪ್ರಾಥಮಿಕಕ್ಕೆ 10, ಅದರ ಮೇಲೆ 15 ಎಂಬ ಸರ್ಕಾರಿ ಅನುಪಾತ ಮುಂದಿಟ್ಟು, ‘ನನ್ನ ಪಟ್ಟಿಯಲ್ಲಿ 15ಕ್ಕಿಂತ ಹೆಚ್ಚು ಮಕ್ಕಳಿದ್ದರೆ ಸಹಾಯಕರೊಬ್ಬರು ಬೇಕು, ವಾರಕ್ಕೆ ನಾಲ್ಕು ಪೀರಿಯಡ್ ಯೋಜನೆ ಬರೆಯಲು ಬಿಡುವು ಬೇಕು, ಬದಲಿ ಪೀರಿಯಡ್‌ಗೆ ನನ್ನನ್ನು ಹಾಕುವಂತಿಲ್ಲ’ ಎಂದು ಆದೇಶದಲ್ಲೇ ಬರೆಸಿ. ಬದಲಿ ಪೀರಿಯಡ್‌ನ ಸಾಲು ಬರೆಸದಿದ್ದರೆ ಸಂಪನ್ಮೂಲ ಕೊಠಡಿಗೆ ಬೀಗ ಬಿದ್ದು ನೀವು ಏಳನೇ ತರಗತಿಯಲ್ಲಿ ಸಮಾಜ ವಿಜ್ಞಾನ ಮಾಡುತ್ತಿರುತ್ತೀರಿ.

ಸೋಮವಾರ ಮೂರೂ ಕಡೆಗೆ ಒಂದೇ ಪತ್ರ ಕಳಿಸಿ: ಮೂಲವೇತನ ಎಷ್ಟು, ಎಷ್ಟು ತಿಂಗಳು, ಪಿಎಫ್ ಉಂಟೇ, ಎಷ್ಟು ಮಕ್ಕಳು, ಹುದ್ದೆಯ ಹೆಸರೇನು. ಬಂದ ಉತ್ತರ ಇಲ್ಲಿ ಹಾಕಿ, ಹೆಸರು ತೆಗೆದು. ಶಿವಮೊಗ್ಗದವರು ಹನ್ನೆರಡು ತಿಂಗಳೂ ಕೊಡುತ್ತೇವೆ ಎಂದರೆ ಮತ್ತೊಮ್ಮೆ ಲೆಕ್ಕ ಹಾಕೋಣ.